ಅಮ್ಮನ ಅಡುಗೆಮನೆಗೆ ಕೈ ಹಚ್ಚುವ ಮುನ್ನ

ಈ ಸಲ ಉಪ್ಪಿನಕಾಯಿ, ಸಂಡಿಗೆಗಳ ಮಾತು ಸ್ವಲ್ಪ ಪಕ್ಕಕ್ಕಿರಲಿ. ಅಡುಗೆಯ ಬದಲು ಅಡುಗೆಮನೆಯ ಮಾತಾಡೋಣ. ಅದೂ ನಮ್ಮ ಅಡುಗೆಮನೆಯಲ್ಲ, ತವರುಮನೆಯದು.

ನಿಮ್ಮಲ್ಲಿ ಎಷ್ಟೋ ಜನರ ತವರಿನಲ್ಲಿ ಈಗ ಇದೇ ಪ್ರಸ್ತಾಪ ನಡೆಯುತ್ತಿರಬಹುದು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು ಬಂದಿದೆ, ಅಡುಗೆಮನೆ ಮಾತ್ರ ಹಳೇ ಕಾಲದ್ದು. ಅಣ್ಣತಮ್ಮಂದಿರ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ‘ಅಮ್ಮನಿಗೆ ಒಂದು ಒಳ್ಳೆ ಅಡುಗೆಮನೆ ಮಾಡಿಸಿಕೊಟ್ಟುಬಿಡೋಣ’ ಅನ್ನುತ್ತಾರೆ. ಒಳ್ಳೆಯ ಮನಸ್ಸಿನ ಮಾತೇ, ಇಲ್ಲ ಅನ್ನುವುದಿಲ್ಲ. ನಾವೂ ಹಾಗೇ ಅಂದೆವು. ಅಂದು ಎಷ್ಟು ಎಡವಿದೆವು ಅನ್ನುವುದನ್ನು ಹೇಳಿಕೊಳ್ಳುತ್ತೇನೆ, ನಿಮಗಾದರೂ ಉಪಯೋಗಕ್ಕೆ ಬರಲಿ.

ನನ್ನ ತವರು ತಿಪಟೂರು. ಹೆಂಚಿನ ಮನೆ, ಹಿಂದೆ ಹಿತ್ತಲು, ನಾಲ್ಕು ತೆಂಗಿನ ಮರ. ಕಳೆದ ಕಾರ್ತೀಕದಲ್ಲಿ ಅಮ್ಮ ಅಡುಗೆಮನೆಯಲ್ಲಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಎಪ್ಪತ್ತಾರು ವರ್ಷದ ಮೂಳೆ, ಕೂಡಿಕೊಳ್ಳಲು ಎರಡು ತಿಂಗಳು ಹಿಡಿಯಿತು. ‘ಹೇಗೆ ಬಿದ್ದೆಯಮ್ಮಾ?’ ಅಂದರೆ ‘ಕಾಲು ಜಾರಿತು ಕಣೇ’ ಅಂದಳು. ಎಲ್ಲಿಂದ ಜಾರಿತು ಅಂತ ನಾವ್ಯಾರೂ ಕೇಳಲಿಲ್ಲ.

ಬೆಂಗಳೂರಿನಲ್ಲಿರುವ ತಮ್ಮ ಒಂದು ಅಂಗಡಿಯವರನ್ನು ಕರೆದುಕೊಂಡು ಬಂದ. ಅವರು ಟೇಪು ಹಿಡಿದು ಗೋಡೆ ಅಳೆದು, ಕಂಪ್ಯೂಟರಿನಲ್ಲಿ ಹತ್ತೇ ನಿಮಿಷಕ್ಕೆ ಹೊಸ ಅಡುಗೆಮನೆಯ ಚಿತ್ರ ತೋರಿಸಿದರು. ಕೆಳಗೆ ಮೇಲೆ ಎಲ್ಲಾ ಬೀರು, ಹೊಳೆಯುವ ನೆಲ, ಕಪ್ಪು ಗ್ರಾನೈಟಿನ ಕಟ್ಟೆ, ಹೊಗೆ ಎಳೆಯುವ ಚಿಮಣಿ. ಮೂಲೆಯ ರುಬ್ಬುವ ಕಲ್ಲು ಇದ್ದ ಜಾಗದಲ್ಲಿ ಫ್ರಿಜ್ಜು! ನೋಡೋಕೆ ಚೆನ್ನಾಗಿಯೇ ಇತ್ತು ಬಿಡಿ. ‘ಕೆಲಸ ಮುಗಿಯೋವರೆಗೂ ನೀನು ಬೆಂಗಳೂರಿಗೆ ಬಂದುಬಿಡು, ಒಂದು ತಿಂಗಳು ಆರಾಮವಾಗಿರು’ ಅಂದ ತಮ್ಮ. ಅಮ್ಮ ಚಿತ್ರವನ್ನೊಮ್ಮೆ ನೋಡಿ, ‘ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ’ ಅಂದಳು.

ಈ ಮಾತನ್ನು ನಾವು ಹೆಂಗಸರು ಎಷ್ಟು ಸಲ ಆಡಿಲ್ಲ ಹೇಳಿ! ಇದು ಒಪ್ಪಿಗೆಯ ಮಾತಲ್ಲ ಅಂತ ನಮಗಲ್ಲದೆ ಇನ್ಯಾರಿಗೆ ಗೊತ್ತು? ಆದರೂ ಆವತ್ತು ನಾನೂ ಗೊತ್ತಿಲ್ಲದವಳ ಹಾಗೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ತಮ್ಮನಿಗೆ ಹೇಳಿದೆ, ‘ಮುಂಗಡ ಕೊಡಬೇಡ, ನನಗೆ ಮೂರು ದಿನ ಟೈಮು ಕೊಡು.’ ಮಕ್ಕಳ ಹಳೇ ನೋಟ್‌ಬುಕ್ಕೊಂದು ಹಿಡಿದು, ಅಡುಗೆಮನೆಯ ಹೊಸ್ತಿಲ ಪಕ್ಕ ಕೂತೆ. ಕೈ ಹಾಕಲಿಲ್ಲ, ಸಲಹೆ ಕೊಡಲಿಲ್ಲ, ಅಮ್ಮ ಏನು ಮಾಡುತ್ತಾಳೋ ಬರೆದುಕೊಂಡೆ, ಅಷ್ಟೆ. (ಸುಮ್ಮನೆ ಕೂರುವುದು ಎಷ್ಟು ಕಷ್ಟ ಅಂತ ನೀವೂ ಒಮ್ಮೆ ಪ್ರಯತ್ನ ಮಾಡಿ ನೋಡಿ.)

ಮೊದಲನೇ ದಿನವೇ ತಿಳಿಯಿತು, ಅಮ್ಮ ಬಿದ್ದದ್ದು ಎಲ್ಲಿಂದ ಅಂತ. ಗ್ಯಾಸಿನ ಕಟ್ಟೆಯ ಮುಂದೆ ಒಂದು ಹಲಸಿನ ಮರದ ಮಣೆ. ಅದನ್ನು ಹತ್ತಿ ನಿಂತು ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು!

ಆ ಕಟ್ಟೆಯ ಕತೆ ಹೇಳಲೇಬೇಕು. 1968ರಲ್ಲಿ ಅಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ನೆಲದ ಮೇಲೆ ಮಣ್ಣಿನ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗದವರು ಹಳ್ಳಿಗಾಗಿ ಹೊಗೆಯಿಲ್ಲದ ಸೌದೆ ಒಲೆ ಮಾಡಿದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಎಂಬತ್ತರ ದಶಕದಲ್ಲಿ ‘ಅಸ್ತ್ರ ಒಲೆ’ ಎಲ್ಲರ ಬಾಯಲ್ಲೂ ಇತ್ತು. ಮೂರು ಪಾತ್ರೆ ಒಟ್ಟಿಗೆ ಕೂರುತ್ತಿತ್ತು, ಹೊಗೆ ಕೊಳವೆ ಹಿಡಿದು ಮೇಲೆ ಹೋಗುತ್ತಿತ್ತು. ಅಪ್ಪ ಅದನ್ನು ಹಾಕಿಸಿದರು, ಅಮ್ಮನ ಕಣ್ಣುರಿ ತಪ್ಪಿತು. ಆಮೇಲೆ 1996ರಲ್ಲಿ ಗ್ಯಾಸು ಬಂತು, ಕಡಪ ಕಲ್ಲಿನ ಕಟ್ಟೆ ಬಂತು. ಮೇಸ್ತ್ರಿಯ ಪಕ್ಕ ನಿಂತು ಎತ್ತರ ಹೇಳಿದವರು ಅಪ್ಪ. ಅಪ್ಪ ಆಜಾನುಬಾಹು, ಅಮ್ಮ ನಾಲ್ಕು ಅಡಿ ಹತ್ತು ಅಂಗುಲ. ಕಟ್ಟೆ 35 ಅಂಗುಲ, ಅದರ ಮೇಲೆ ಸ್ಟೌವು, ಸ್ಟೌವಿನ ಮೇಲೆ ಕುಕ್ಕರು! ಅಂದಿನಿಂದ ಅಮ್ಮ ಮಣೆ ಹತ್ತಿ ಇಳಿದು, ಹತ್ತಿ ಇಳಿದು ಅಡುಗೆ ಮಾಡಿದ್ದಾಳೆ. ನಾನು ಬಾಣಂತನಕ್ಕೆ ಎರಡು ಸಲ ಹೋಗಿ ತಿಂಗಳುಗಟ್ಟಲೆ ಇದ್ದು ಬಂದವಳು. ಆ ಮಣೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಅಂಗಡಿಯವರ ಚಿತ್ರದಲ್ಲಿ ಕಟ್ಟೆಯ ಎತ್ತರ ಎಷ್ಟು ಅಂತೀರಿ? 34 ಅಂಗುಲ. ಅಷ್ಟು ದುಡ್ಡು ಸುರಿದರೂ ಮಣೆ ತಪ್ಪುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ಮೊದಲು ಅಳೆಯಬೇಕಾದ್ದು ಗೋಡೆಯನ್ನಲ್ಲ, ಅಮ್ಮನನ್ನು. ನೇರ ನಿಂತು ಮೊಣಕೈ ಮಡಚಿದರೆ ನೆಲದಿಂದ ಮೊಣಕೈಗೆ ಎಷ್ಟಾಗುತ್ತೋ, ಹೆಚ್ಚುವ ಕಲಸುವ ಕಟ್ಟೆ ಅದಕ್ಕಿಂತ ನಾಲ್ಕರಿಂದ ಆರು ಅಂಗುಲ ಕೆಳಗಿರಬೇಕು. ಸ್ಟೌವಿನ ಜಾಗ ಇನ್ನೂ ಮೂರು ನಾಲ್ಕು ಅಂಗುಲ ತಗ್ಗಿರಲಿ, ಯಾಕೆಂದರೆ ಸ್ಟೌವಿಗೂ ಪಾತ್ರೆಗೂ ತಮ್ಮದೇ ಎತ್ತರ ಇದೆಯಲ್ಲ. ಮೇಸ್ತ್ರಿ ‘ಒಂದೇ ಸಮ ಇದ್ದರೆ ಚೆಂದ’ ಅಂತಾನೆ. ಚೆಂದ ಆಮೇಲೆ, ಹೆಗಲು ನೋವು ಯಾರಿಗೆ?

ಎರಡನೇ ದಿನ ರುಬ್ಬುವ ಕಲ್ಲಿನ ಗುಟ್ಟು ಗೊತ್ತಾಯಿತು. ಮಿಕ್ಸಿ ಬಂದ ಮೇಲೆ ಆ ಕಲ್ಲಿನಲ್ಲಿ ಯಾರೂ ರುಬ್ಬಿಲ್ಲ. ‘ಸುಮ್ಮನೆ ಜಾಗಕ್ಕೆ ದಂಡ, ಎತ್ತಿಸಿಬಿಡೋಣ’ ಅಂತ ನಾನೇ ಅಂದಿದ್ದೆ. ಅಮ್ಮ ಈಳಿಗೆ ಮಣೆಯ ಮುಂದೆ ಕೂತು ತರಕಾರಿ ಹೆಚ್ಚುತ್ತಾಳೆ, ಕಾಯಿ ತುರಿಯುತ್ತಾಳೆ. ಏಳುವಾಗ ಎಡಗೈಯನ್ನು ಗುಂಡುಕಲ್ಲಿನ ಮೇಲೆ ಊರಿ, ಒಂದು ನಿಮಿಷ ತಡೆದು, ಮೆಲ್ಲಗೆ ಏಳುತ್ತಾಳೆ. ಆ ಕಲ್ಲು ಅಲ್ಲಿಂದ ಹೋಗಿದ್ದರೆ ಅಮ್ಮ ಏನು ಹಿಡಿದುಕೊಂಡು ಏಳುತ್ತಿದ್ದಳು? ಫ್ರಿಜ್ಜಿನ ಬಾಗಿಲನ್ನೇ?

ಇನ್ನು ಮುದ್ದೆ. ನಮ್ಮ ಕಡೆ ಮುದ್ದೆ ಇಲ್ಲದೆ ಊಟವಿಲ್ಲ. ಅಮ್ಮ ಪಾತ್ರೆಯನ್ನು ಕೆಳಗಿಳಿಸಿ, ಕವೆಗೋಲು ಕೊಟ್ಟು ಭದ್ರ ಮಾಡಿ, ಮೈಭಾರ ಹಾಕಿ ಮುದ್ದೆ ಕೋಲಿನಿಂದ ತಿರುವುತ್ತಾಳೆ. ಎದೆಯ ಮಟ್ಟದಲ್ಲಿರುವ ಸ್ಟೌವಿನ ಮೇಲೆ ಹಿಟ್ಟಿಗೆ ಆ ಪೆಟ್ಟು ಕೊಡಲು ಆಗುವುದಿಲ್ಲ, ಗಂಟು ಉಳಿಯುತ್ತೆ. ಪಟ್ಟಣದ ಅಂಗಡಿಯವರ ಚಿತ್ರಕ್ಕೆ ಮುದ್ದೆಯ ವಿಷಯ ಎಲ್ಲಿ ಗೊತ್ತಿರಬೇಕು! ಸ್ಟೌವಿನ ಪಕ್ಕ ಒಂದೂವರೆ ಅಡಿ ಎತ್ತರದ ಪುಟ್ಟ ಕಲ್ಲುಕಟ್ಟೆ ಹಾಕಿಸೋದು ಅಂತ ಬರೆದುಕೊಂಡೆ. ಪಾತ್ರೆಯನ್ನು ಅಲ್ಲಿಗೆ ಸರಿಸಿ, ನೆಲಕ್ಕೆ ಬಗ್ಗದೆ, ನಿಂತೇ ಭಾರ ಹಾಕಬಹುದು.

ಕೂತು ಕೆಲಸ ಮಾಡುವುದು ಸೋಮಾರಿತನ ಅಂತ ಯಾರೂ ತಿಳಿಯಬೇಡಿ. ಈಗಿನ ಈ ಅಚ್ಚುಕಟ್ಟು ಅಡುಗೆಮನೆಗಳಿಗೆಲ್ಲ ಅಜ್ಜಿಯಂಥದೊಂದು 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಹುಟ್ಟಿತು. ಮಾರ್ಗರೆಟೆ ಶುಟ್ಟೆ ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಹೆಣ್ಣುಮಗಳು, ವಾಸ್ತುಶಿಲ್ಪಿ, ಆರಡಿ ಅಗಲ ಹನ್ನೊಂದಡಿ ಉದ್ದದ ಜಾಗದಲ್ಲಿ ಎಲ್ಲವನ್ನೂ ಕೈಗೆಟಕುವಂತೆ ಜೋಡಿಸಿದಳು. ಸುಮಾರು ಹತ್ತು ಸಾವಿರ ಮನೆಗಳಿಗೆ ಅದನ್ನು ಹಾಕಿದರು. ಅದರಲ್ಲೂ ಕಿಟಕಿಯ ಕೆಳಗೆ ಕೂತು ಹೆಚ್ಚಲು ಒಂದು ತಿರುಗುವ ಸ್ಟೂಲು ಇತ್ತು! ತಮಾಷೆ ಅಂದರೆ, ಅದನ್ನು ಮಾಡುವಾಗ ತನಗೆ ಅಡುಗೆಯೇ ಗೊತ್ತಿರಲಿಲ್ಲ ಅಂತ ಆಕೆಯೇ ಮುಂದೆ ಹೇಳಿಕೊಂಡಳು. ಗೊತ್ತಿಲ್ಲದವಳಿಗೂ ಸ್ಟೂಲು ಹೊಳೆಯಿತು, ಗೊತ್ತಿರುವ ನನಗೆ ಹೊಳೆಯಲಿಲ್ಲ ನೋಡಿ. ನಮ್ಮ ಅಡುಗೆಮನೆಯಲ್ಲೂ ಕಿಟಕಿಯ ಹತ್ತಿರ ಎರಡು ಅಡಿ ಕಟ್ಟೆಯ ಕೆಳಗೆ ಬೀರು ಬೇಡ ಅಂತ ತೀರ್ಮಾನ ಮಾಡಿದೆವು. ಅಲ್ಲಿ ಕಾಲು ಚಾಚಿ ಕುರ್ಚಿಯಲ್ಲಿ ಕೂರಬಹುದು.

ಚಿಮಣಿಯನ್ನು ಅಮ್ಮನೇ ಬೇಡ ಅಂದಳು. ಅದರ ಸದ್ದಿನಲ್ಲಿ ಕುಕ್ಕರಿನ ಕೂಗು ಲೆಕ್ಕ ತಪ್ಪುತ್ತದಂತೆ. ಕಿವಿ ಮಂದವಾಗುತ್ತಿರುವುದನ್ನು ಅಮ್ಮ ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು. ಕಿಟಕಿಯ ಮೇಲೆ ಗಾಳಿ ಹೊರಹಾಕುವ ಫ್ಯಾನು ಸಾಕು, ಬೇಕಾದಾಗ ಹಾಕಿ ಆರಿಸಬಹುದು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡವೇ ಬೇಡ. ಒದ್ದೆಯಾದರೂ ಜಾರದ ಒರಟು ಟೈಲ್ಸ್ ಸಿಗುತ್ತದೆ, ಅಂಗಡಿಯಲ್ಲೇ ನೀರು ಹಾಕಿಸಿ, ಬರಿಗಾಲಿನಲ್ಲಿ ನಿಂತು ನೋಡಿ ಕೊಳ್ಳಿ. ಅರವತ್ತು ದಾಟಿದ ಕಣ್ಣಿನೊಳಕ್ಕೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಗುವುದರ ಮೂರನೇ ಒಂದು ಪಾಲಂತೆ. ಹಾಗಾಗಿ ದೀಪ ಬೆನ್ನ ಹಿಂದಿನ ಗೋಡೆಯಲ್ಲಿದ್ದರೆ ಪ್ರಯೋಜನವಿಲ್ಲ, ನಮ್ಮ ನೆರಳೇ ಈಳಿಗೆಯ ಮೇಲೆ ಬೀಳುತ್ತೆ. ಕಟ್ಟೆಯ ಮೇಲ್ಗಡೆಯೇ ಇರಲಿ. ಕಟ್ಟೆಯ ಕಲ್ಲು ಕಪ್ಪಾದರೆ ಸಾಸಿವೆ ಚೆಲ್ಲಿದ್ದೂ ಕಾಣುವುದಿಲ್ಲ, ಇರುವೆ ಹರಿಯುವುದೂ ಕಾಣುವುದಿಲ್ಲ. ತಿರುಪುವ ನಲ್ಲಿಯ ಬದಲು ಮುಂಗೈಯಿಂದ ಎತ್ತಿ ಇಳಿಸುವ ಹಿಡಿಯ ನಲ್ಲಿ ಹಾಕಿಸಿ, ಬೆರಳ ಗಂಟು ನೋವಿನವರಿಗೆ ಅದು ದೊಡ್ಡ ಉಪಕಾರ. ಅಟ್ಟದ ಬೀರುಗಳಿಗೆ ಸುರಿಯುವ ದುಡ್ಡನ್ನು ಕೆಳಗೆ ಎಳೆಯುವ ಖಾನೆಗಳಿಗೆ ಹಾಕಿ. ಮೇಲಿನದು ಏನಿದ್ದರೂ ಸ್ಟೂಲು ಹತ್ತಿಸುವ ಕೆಲಸ. ಹಳೇ ಮನೆಯ ತೇವಕ್ಕೆ ಅಗ್ಗದ ಹೊಟ್ಟಿನ ಹಲಗೆ ಉಬ್ಬಿಹೋಗುತ್ತೆ. ಕಡಪ ಕಲ್ಲಿನ ತಟ್ಟೆಗಳನ್ನೇ ಇಟ್ಟು, ಮರದ ಬಾಗಿಲು ಮಾತ್ರ ಮಾಡಿಸಿದರೆ ಗೆದ್ದಲಿನ ಭಯವೂ ಕಡಿಮೆ.

ಗ್ಯಾಸಿನ ಬಗ್ಗೆ ಮಾತ್ರ ಅವಸರ ಬೇಡ. ಸಿಲಿಂಡರನ್ನು ಬೀರಿನೊಳಗೆ ಗಾಳಿಯಾಡದಂತೆ ಮುಚ್ಚಿಡುವುದು ಈಗ ಫ್ಯಾಷನ್ನು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಮಡುಗಟ್ಟಿ ನಿಲ್ಲುತ್ತದೆ. ಬಾಗಿಲಿನ ತಳದಲ್ಲಿ ಗಾಳಿಕಿಂಡಿ ಇರಲೇಬೇಕು, ಸಿಲಿಂಡರು ನೆಟ್ಟಗೆ ನಿಂತಿರಬೇಕು. ಒಳಗಿನ ಅನಿಲವೇ 14.2 ಕಿಲೋ, ಕಬ್ಬಿಣದ ಭಾರ ಬೇರೆ. ಅಮ್ಮಂದಿರು ಅದನ್ನು ಎಳೆದಾಡಬಾರದು, ಚಕ್ರದ ತಟ್ಟೆ ಕೊಡಿಸಿ. ರಬ್ಬರಿನ ಪೈಪು ಐದು ವರ್ಷಕ್ಕೊಮ್ಮೆ ಬದಲಾಗಬೇಕು. ನಮ್ಮಮ್ಮನ ಮನೆಯ ಪೈಪಿನ ಮೇಲಿನ ಇಸವಿ ಓದಿ ನನಗೆ ಎದೆ ಝಲ್ಲೆಂದಿತು, ಅದನ್ನು ಅಂದೇ ಬದಲಾಯಿಸಿದೆವು. ಸೋರಿಕೆಯ ದೂರಿಗೆ 1906 ಅಂತ ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದ್ದೇವೆ.

ಇಷ್ಟೆಲ್ಲ ಬರೆದು ಮುಗಿಸಿದೆ, ದೊಡ್ಡ ಕೆಲಸ ಮಾಡಿದೆ ಅಂತ ಬೀಗುತ್ತಾ ಆ ರಾತ್ರಿ ಅಮ್ಮನ ಪಕ್ಕ ಮಲಗಿದ್ದೆ. ದೀಪ ಆರಿಸಿದ ಮೇಲೆ ಅಮ್ಮ ಕೇಳಿದಳು, ‘ಅಡುಗೆಮನೆ ಒಡೆದ ಮೇಲೆ ನಾನು ಎಲ್ಲಿರಬೇಕು?’

‘ತಮ್ಮನ ಮನೇಲಮ್ಮ, ಒಂದು ತಿಂಗಳು ಅಷ್ಟೇ.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಪಕ್ಕದ ಬೀದಿ ಅವರನ್ನೂ ಹಾಗೇ ಕರ್ಕೊಂಡು ಹೋದರು, ಮನೆಗೆ ಸುಣ್ಣ ಬಳಿಸ್ತೀವಿ ಅಂತ. ಒಲೆ ಆರಿದ ಮನೆಗೆ ಯಾರೇ ವಾಪಸ್ ಕರ್ಕೊಂಡು ಬರ್ತಾರೆ?’

ಸೋದರಿಯರೇ, ಮೂರು ದಿನ ಕೂತು ನೋಡಿದ ನನಗೆ ಇದು ಕಂಡಿರಲಿಲ್ಲ. ನಾವು ಕಟ್ಟೆ, ನಲ್ಲಿ ಅಂತ ಲೆಕ್ಕ ಹಾಕುತ್ತಿದ್ದರೆ, ಅಮ್ಮ ತನ್ನನ್ನು ಮನೆ ಬಿಡಿಸುತ್ತಿದ್ದಾರೆ ಅಂತ ದಿನ ಎಣಿಸುತ್ತಿದ್ದಳು.

ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿ ಹೇಳಿದೆ. ಅವನು ಆ ಕಡೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಅಂಗಡಿಯವರು ಬೇಡ, ನಮ್ಮೂರ ಮೇಸ್ತ್ರಿಯನ್ನೇ ಕರೆಸು’ ಅಂದ. ಈಗ ಕೆಲಸವನ್ನು ಎರಡು ಭಾಗ ಮಾಡಿದ್ದೇವೆ. ಹಳೇ ಕಟ್ಟೆಯಲ್ಲಿ ಅಡುಗೆ ನಡೆಯುತ್ತಿರುವಾಗಲೇ ಪೂರ್ವದ ಗೋಡೆಗೆ ಹೊಸ ಕಟ್ಟೆ ಏಳುತ್ತದೆ. ಅದಕ್ಕೆ ಹತ್ತು ದಿನ ನೀರುಣಿಸಿ, ಗಟ್ಟಿಯಾದ ಮೇಲೆ ಸ್ಟೌವು ಆ ಕಡೆಗೆ ಹೋಗುತ್ತದೆ. ಆಮೇಲೆ ಹಳೆಯದಕ್ಕೆ ಸುತ್ತಿಗೆ. ನೆಲ ಅಗೆಯುವ ನಾಲ್ಕು ದಿನ ಮಾತ್ರ ಸ್ಟೌವು ನಡುಮನೆಯಲ್ಲಿ. ಖರ್ಚು ಸ್ವಲ್ಪ ಜಾಸ್ತಿ, ಧೂಳಂತೂ ಕೇಳಲೇಬೇಡಿ. ರುಬ್ಬುವ ಕಲ್ಲು ಇದ್ದಲ್ಲೇ ಇರುತ್ತದೆ, ಅದರ ಪಕ್ಕದ ಗೋಡೆಗೆ ಒಂದು ಉಕ್ಕಿನ ಹಿಡಿ.

ಮೊನ್ನೆ ಮೇಸ್ತ್ರಿ ಗುರುತು ಹಾಕಲು ಬಂದ. ನಾನು ಅಮ್ಮನನ್ನು ಹಿತ್ತಲಲ್ಲಿ ನಿಲ್ಲಿಸಿ ಅಳೆದದ್ದು 37 ಅಂಗುಲ, ಐದು ಕಳೆದು ಕಟ್ಟೆಗೆ 32 ಅಂತ ಬರೆದುಕೊಟ್ಟಿದ್ದೆ. ಅವನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟೆಳೆದ. ಅಮ್ಮ ಬಂದು ಗೀಟಿನ ಮುಂದೆ ನಿಂತಳು, ಚಪಾತಿ ಲಟ್ಟಿಸುವ ಹಾಗೆ ಎರಡೂ ಕೈ ಆಡಿಸಿದಳು, ತಲೆ ಅಲ್ಲಾಡಿಸಿದಳು.

‘ಹಿತ್ತಲಲ್ಲಿ ಅಳೆದಾಗ ನನ್ನ ಕಾಲಲ್ಲಿ ಚಪ್ಪಲಿ ಇತ್ತು. ಅಡುಗೆಮನೆಗೆ ಚಪ್ಪಲಿ ಹಾಕ್ಕೊಂಡು ಬರ್ತೀನೇನೇ ನಾನು?’

ಮೇಸ್ತ್ರಿಯ ಕೈಯಿಂದ ಇದ್ದಿಲು ತೆಗೆದುಕೊಂಡು, ಒಂದು ಅಂಗುಲ ಕೆಳಗೆ ತಾನೇ ಗೀಟೆಳೆದಳು. ಅವನು ಮೇಲಿನ ಗೀಟನ್ನು ಒದ್ದೆ ಬಟ್ಟೆಯಿಂದ ಒರೆಸಿದ.