ಗಸಗಸೆ ಪಾಯಸವೂ ದಾದಿಯ ಪರವಾನಗಿಯೂ

ಹಬ್ಬದ ಊಟದಲ್ಲಿ ಗಸಗಸೆ ಪಾಯಸಕ್ಕೆ ಕನ್ನಡಿಗರ ಮನೆಗಳಲ್ಲಿ ವಿಶೇಷ ಮರ್ಯಾದೆಯುಂಟು. ಎರಡು ಲೋಟ ಕುಡಿದು ಚಾಪೆಯ ಮೇಲೆ ಒರಗಿದವರು ಸಂಜೆಯ ಕಾಫಿಯ ಹೊತ್ತಿಗೇ ಕಣ್ಣು ತೆರೆಯುವುದು ವಾಡಿಕೆ. ಆ ಪುಟ್ಟ ಬಿಳಿಯ ಕಾಳು ಅಫೀಮಿನ ಗಿಡದ ಬೀಜವೆಂಬುದನ್ನು ಆ ಹೊತ್ತಿನಲ್ಲಿ ನೆನೆಯುವವರು ವಿರಳ. ಕಾಯಿಯ ಹಾಲು ಸೋಂಕಿದ ಕಾಳಿನ ಮೈಯಲ್ಲಿ ಮಾರ್ಫೀನಿನ ಲೇಶ ಉಳಿದಿರುತ್ತದೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಓದಿ ಅಮೆರಿಕದ ಆಸ್ಪತ್ರೆ ಸೇರಿದ ದಾದಿಯೊಬ್ಬಳ ಮೂತ್ರಪರೀಕ್ಷೆಯಲ್ಲಿ ಆ ಲೇಶ ಕಾಣಿಸಿಕೊಂಡರೆ, ಅವಳ ಅನ್ನಕ್ಕೇ ಸಂಚಕಾರ ಬರಬಹುದು.

ಇದು ಉತ್ಪ್ರೇಕ್ಷೆಯಲ್ಲ. ಅಫೀಮು ವರ್ಗದ ದ್ರವ್ಯಗಳಿಗೆ ಅಲ್ಲಿನ ಕೇಂದ್ರ ಸರ್ಕಾರ ವಿಧಿಸಿದ್ದ ಮಿತಿ ಮೊದಲು ಮಿಲಿಲೀಟರೊಂದಕ್ಕೆ 300 ನ್ಯಾನೊಗ್ರಾಂ. ಗಸಗಸೆ ಉದುರಿಸಿದ ರೊಟ್ಟಿ ತಿಂದ ನಿರಪರಾಧಿಗಳೂ ಸಿಕ್ಕಿಬೀಳುತ್ತಿದ್ದುದರಿಂದ 1998ರಲ್ಲಿ ಅದನ್ನು 2000ಕ್ಕೆ ಏರಿಸಲಾಯಿತು. ಆದರೆ ಆ ನಿಯಮ ಕೇಂದ್ರದ ನೌಕರರಿಗೂ ಸಾರಿಗೆಯಂಥ ಕೆಲವು ಉದ್ಯೋಗಗಳಿಗೂ ಸಂಬಂಧಿಸಿದುದು. ಹಳೆಯ ಮಿತಿಯನ್ನೇ ಬಳಸುವ ಪರೀಕ್ಷೆಗಳು ಆಸ್ಪತ್ರೆಗಳಲ್ಲಿ ಈಗಲೂ ಉಂಟು. 2023ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೇ ತನ್ನ ಯೋಧರಿಗೆ ಗಸಗಸೆಯಿಂದ ದೂರವಿರಿ ಎಂದು ಎಚ್ಚರಿಕೆ ನೀಡಿತು.

ಇಷ್ಟು ಕಟ್ಟುನಿಟ್ಟು ಏಕೆ? ರೋಗಿಯ ನೋವಿಗೆಂದು ಇಟ್ಟ ಮಾರ್ಫೀನ್, ಫೆಂಟನಿಲ್‌ಗಳ ಬೀಗದ ಕೈ ದಾದಿಯ ವಶದಲ್ಲಿರುತ್ತದೆ. ಬೇಲಿಯೇ ಎದ್ದು ಹೊಲ ಮೇದರೆ ಹೊಲಕ್ಕೆ ಗತಿ ಯಾವುದು? ಮದ್ದನ್ನು ತಾವು ಬಳಸಿ, ನರಳುವ ರೋಗಿಗೆ ಉಪ್ಪುನೀರು ಚುಚ್ಚಿದ ಸಿಬ್ಬಂದಿಯ ಪ್ರಕರಣಗಳು ಅಲ್ಲಿ ಬಯಲಾಗಿವೆ. ಹಾಗೆ ಎಂಜಲಾದ ಸೂಜಿಗಳಿಂದ ರೋಗಿಗಳಿಗೆ ಹೆಪಟೈಟಿಸ್ ಸಿ ತಗುಲಿದುದೂ ಉಂಟು. ಆದುದರಿಂದ ಕಾನೂನು ಕಣ್ಣುಮುಚ್ಚಿ ಕೂಡುವಂತಿಲ್ಲ.

ಕ್ರಮಬದ್ಧವಾದ ಪರೀಕ್ಷೆಯಲ್ಲಿ ಎರಡು ಮೆಟ್ಟಿಲುಗಳುಂಟು. ಮೊದಲನೆಯದು ಸಂಶಯವನ್ನು ಮಾತ್ರ ಸೂಚಿಸುತ್ತದೆ. ಅನಂತರ ಹೆಚ್ಚು ಸೂಕ್ಷ್ಮವಾದ ಯಂತ್ರಪರೀಕ್ಷೆಯಿಂದ ದ್ರವ್ಯ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಕೊನೆಗೆ ವೈದ್ಯರೊಬ್ಬರು ವ್ಯಕ್ತಿಯೊಡನೆ ಮಾತನಾಡಿ, ಆಕೆ ವೈದ್ಯರ ಚೀಟಿಯ ಮೇಲೆ ಯಾವುದಾದರೂ ಔಷಧ ಸೇವಿಸುತ್ತಿದ್ದಳೇ ಎಂದು ವಿಚಾರಿಸುತ್ತಾರೆ. ಊರಿನಿಂದ ಒಯ್ದ ಕೊಡೀನ್ ಬೆರೆತ ಕೆಮ್ಮಿನ ಔಷಧ ಕುಡಿದವಳು ಆ ವೈದ್ಯರಿಗೆ ತೋರಿಸಲು ಚೀಟಿಯಿಲ್ಲದೆ ತೊಳಲಬೇಕಾದೀತು. ಕ್ಯಾಲಿಫೋರ್ನಿಯದಲ್ಲಿ 2016ರ ಜನಮತದಿಂದ ವಯಸ್ಕರಿಗೆ ಗಾಂಜಾ ಸೇವನೆ ಅಪರಾಧವಲ್ಲದಾದರೂ, 2023ರ ಕೊನೆಯವರೆಗೆ ಅದರ ಗುರುತು ಮೂತ್ರದಲ್ಲಿ ಕಂಡರೆ ದಾದಿ ಕೆಲಸ ಕೊಟ್ಟವರಿಗೆ ಉತ್ತರ ಹೇಳಬೇಕಾಗುತ್ತಿತ್ತು. ದಿನವೂ ಸೇವಿಸುವವರಲ್ಲಿ ಆ ಗುರುತು ವಾರಗಟ್ಟಲೆ ಅಳಿಯದು. ಪರೀಕ್ಷೆಗೇ ಒಪ್ಪದಿರುವುದನ್ನು ಸಾಮಾನ್ಯವಾಗಿ ಸೋಲೆಂದೇ ಎಣಿಸುತ್ತಾರೆ.

ಸೋತವಳ ಗತಿಯೇನು? ಮೊದಲು ಕೆಲಸದಿಂದ ದೂರವಿಡುತ್ತಾರೆ. ಬಳಿಕ ವರದಿ ರಾಜ್ಯದ ಶುಶ್ರೂಷಾ ಮಂಡಲಿಗೆ ಹೋಗುತ್ತದೆ. ಮಂಡಲಿ ಛೀಮಾರಿ ಹಾಕಬಹುದು, ನಿಬಂಧನೆ ವಿಧಿಸಬಹುದು, ಪರವಾನಗಿಯನ್ನು ಅಮಾನತ್ತಿನಲ್ಲಿಡಬಹುದು, ಇಲ್ಲವೆ ರದ್ದುಗೊಳಿಸಬಹುದು. ಆ ಶಿಕ್ಷೆ ನರ್ಸಿಸ್ ಎಂಬ ರಾಷ್ಟ್ರೀಯ ದಾಖಲೆಯಲ್ಲಿ ಸೇರುವುದರಿಂದ, ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋದರೂ ಕಳಂಕ ಬೆನ್ನು ಬಿಡದು. ಪರವಾನಗಿ ಕಳೆದುಕೊಂಡವರನ್ನು ಮೆಡಿಕೇರ್, ಮೆಡಿಕೇಡ್ ಯೋಜನೆಗಳಿಂದ ಹೊರಗಿಡಲು ಕೇಂದ್ರಕ್ಕೆ ಅಧಿಕಾರವಿದೆ. ಹಾಗಾದಮೇಲೆ ಆ ಯೋಜನೆಗಳ ಹಣದಿಂದ ನಡೆಯುವ ಆಸ್ಪತ್ರೆ ಅವಳನ್ನು ಇಟ್ಟುಕೊಳ್ಳುವಂತಿಲ್ಲ. ಮದ್ದು ಕದ್ದುದು ರುಜುವಾತಾದರೆ ಸೆರೆಮನೆಯ ಬಾಗಿಲೂ ತೆರೆದೀತು.

ಆದರೆ ಭಯವೊಂದರಿಂದಲೇ ಜನ ನೆಟ್ಟಗಾಗುವುದಾದರೆ ಲೋಕ ಎಂದೋ ಉದ್ಧಾರವಾಗುತ್ತಿತ್ತು. ಕೆಲಸ ಹೋದೀತೆಂಬ ಅಂಜಿಕೆಯಿಂದ ಚಟಕ್ಕೆ ಬಿದ್ದವಳು ಬಾಯಿ ಬಿಡುವುದಿಲ್ಲ; ಮರುಕದಿಂದ ಗೆಳತಿಯರೂ ಬಾಯಿ ಬಿಡುವುದಿಲ್ಲ. ಈ ಮೌನದ ಬೆಲೆಯನ್ನು ತೆರುವವನು ಹಾಸಿಗೆಯಲ್ಲಿ ಮಲಗಿದ ರೋಗಿ. ಇದನ್ನರಿತೇ 1982ರಲ್ಲಿ ಅಮೆರಿಕದ ದಾದಿಯರ ಸಂಘ, ಚಟಕ್ಕೊಳಗಾದ ಸಹೋದ್ಯೋಗಿಗಳಿಗೆ ಚಿಕಿತ್ಸೆಯ ನೆರವು ದೊರೆಯಬೇಕೆಂದು ಗೊತ್ತುವಳಿ ಮಾಡಿತು. ಮರುವರ್ಷ ಫ್ಲಾರಿಡಾ ರಾಜ್ಯ ಕಾನೂನಿನ ಮೂಲಕ ಅಂಥ ಯೋಜನೆಯೊಂದನ್ನು ಸ್ಥಾಪಿಸಿತು. ಇತರ ಅನೇಕ ರಾಜ್ಯಗಳು ಅದೇ ದಾರಿ ಹಿಡಿದವು.

ಈ ದಾರಿ ಹೂವಿನ ಹಾಸಿಗೆಯಲ್ಲ. ಸಾಮಾನ್ಯವಾಗಿ 3ರಿಂದ 5 ವರ್ಷಗಳ ಕಾವಲು. ಯಾವ ದಿನ ಕರೆ ಬಂದೀತೆಂದು ತಿಳಿಯದ ಮೂತ್ರಪರೀಕ್ಷೆ. ಅದರ ಖರ್ಚು ಬಹುಮಟ್ಟಿಗೆ ಅವಳದೇ. ಕೆಲಕಾಲ ಮಾದಕ ಔಷಧಗಳ ಬೀಗದ ಕೈ ಇಲ್ಲ, ರಾತ್ರಿಪಾಳಿ ಇಲ್ಲ. ಮದ್ಯಸಾರ ಬೆರೆತ ಬಾಯಿ ಮುಕ್ಕಳಿಸುವ ದ್ರವವೂ ವರ್ಜ್ಯ, ಗಸಗಸೆಯೂ ವರ್ಜ್ಯ. ಕರಾರನ್ನು ಕೊನೆಯವರೆಗೆ ನಡೆಸಿದರೆ ಎಷ್ಟೋ ಕಡೆ ಬಹಿರಂಗ ಶಿಕ್ಷೆಯ ಗುರುತಿಲ್ಲದೆ ವೃತ್ತಿ ಉಳಿಯುತ್ತದೆ. ಮುರಿದರೆ ಮತ್ತೆ ಮಂಡಲಿಯ ಕಟಕಟೆ.

ದಾದಿಯನ್ನು ದೇವತೆಯೆಂದು ಹೊಗಳುವುದು ಸುಲಭ. ಕಾಲು ಜಾರಿದ ದಿನ ಕಳ್ಳಿಯೆಂದು ಜರೆಯುವುದು ಇನ್ನೂ ಸುಲಭ. ಅವಳೂ ರೋಗಿಯಾಗಬಹುದೆಂದು ಒಪ್ಪುವುದು ಮಾತ್ರ ಕಷ್ಟ. ಆ ಕಷ್ಟವನ್ನು ಹೊತ್ತ ಕಾನೂನೇ ಹಾಸಿಗೆಯಲ್ಲಿರುವವನನ್ನೂ ಹಾಸಿಗೆಯ ಬಳಿ ನಿಂತವಳನ್ನೂ ಒಟ್ಟಿಗೆ ಕಾಯಬಲ್ಲುದು. ಅಲ್ಲಿಯವರೆಗೆ, ದೂರದೇಶದ ಮಗಳಿಗೆ ಪೆಟ್ಟಿಗೆ ಕಟ್ಟುವ ತಾಯಂದಿರು ಹಪ್ಪಳ ಸಂಡಿಗೆಗಳನ್ನು ಧಾರಾಳವಾಗಿ ತುಂಬಲಿ. ಗಸಗಸೆಯ ಪೊಟ್ಟಣವನ್ನೂ ಕೆಮ್ಮಿನ ಶೀಷೆಯನ್ನೂ ಮನೆಯಲ್ಲೇ ಉಳಿಸಿಕೊಳ್ಳಲಿ. ಪಾಯಸ, ಅವಳು ರಜೆಗೆ ಬಂದಾಗ ಆದೀತು. ಮರಳುವ ಮುನ್ನ ಕೆಲವು ದಿನ ಮೊದಲೇ ಆದರೆ ಇನ್ನೂ ಒಳ್ಳೆಯದು.