ಪೈಪೋಟಿ ತಾನಾಗಿ ಹುಟ್ಟುವುದಿಲ್ಲ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ—ಈ ನಾಲ್ಕು ಊರುಗಳಲ್ಲಿ ಕಾಲೇಜು ಹುಡುಗರು ಸೇರುವ ಯಾವ ಹೋಟೆಲಿನಲ್ಲಿ ಕುಳಿತರೂ ಈಗ ಯುರೋಪಿನ ಫುಟ್‌ಬಾಲಿನ ಮಾತು ಕಿವಿಗೆ ಬೀಳುತ್ತದೆ. ಆಟ ನಡೆಯುವುದು ನಮ್ಮ ನಡುರಾತ್ರಿಯಲ್ಲಿ. ಅದರ ಪಂಚಾಯಿತಿ ನಡೆಯುವುದು ಬೆಳಗಿನ ಕಾಫಿಯ ಹೊತ್ತಿಗೆ. ಮ್ಯಾಡ್ರಿಡ್ ಗೆದ್ದರೆ ಮಾಗಡಿಯಲ್ಲಿ ಸಂಭ್ರಮ, ಮ್ಯಾಂಚೆಸ್ಟರ್ ಸೋತರೆ ಕನಕಪುರದಲ್ಲಿ ಸೂತಕ. ಇದರಲ್ಲಿ ತಪ್ಪೇನೂ ಇಲ್ಲ. ಆಟಕ್ಕೆ ಎಲ್ಲೆಯಿಲ್ಲ.

ಈ ಪಂಚಾಯಿತಿಯಲ್ಲಿ ಎರಡು ಪಕ್ಷಗಳಿವೆ. ಹಿರಿಯರ ಪಕ್ಷ, "ಹಿಂದೆ ಯಾರು ಬೇಕಾದರೂ ಗೆಲ್ಲಬಹುದಿತ್ತು, ಅದು ಆಟ; ಈಗಿನದು ದುಡ್ಡಿನ ಮೇಲಾಟ" ಎನ್ನುತ್ತದೆ. ಕಿರಿಯರ ಪಕ್ಷ, "ಕಾಲ ಬದಲಾಗಿದೆ, ಬಲ್ಲವರು ಗೆಲ್ಲುತ್ತಾರೆ, ಅಜ್ಜನ ಕಾಲದ ಆಟ ಈಗ ನಡೆಯುವುದಿಲ್ಲ" ಎನ್ನುತ್ತದೆ. ನನ್ನ ಮಟ್ಟಿಗೆ ಹಿರಿಯರ ಲೆಕ್ಕ ಸರಿ, ಅವರು ಕೊಡುವ ಕಾರಣ ತಪ್ಪು. ಕಿರಿಯರದಂತೂ ಕಾರಣವೇ ಅಲ್ಲ. ಅದು ಕೈ ತೊಳೆದುಕೊಳ್ಳುವ ಮಾತು.

ಮೊದಲು ಲೆಕ್ಕ. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗಿನಲ್ಲಿ 1959ರಿಂದ 1972ರವರೆಗಿನ 14 ವರ್ಷಗಳಲ್ಲಿ 11 ಬೇರೆ ಬೇರೆ ಕ್ಲಬ್ಬುಗಳು ಪಟ್ಟಕ್ಕೇರಿದವು. ಅವುಗಳಲ್ಲಿ ಬರ್ನ್‌ಲಿಯಂಥ ಗಿರಣಿ ಊರಿನ ತಂಡವಿತ್ತು. ಕೆಳದರ್ಜೆಯಿಂದ ಮೇಲೆ ಬಂದ ಮೊದಲ ವರ್ಷವೇ 1962ರಲ್ಲಿ ಗೆದ್ದ ಇಪ್ಸ್‌ವಿಚ್ ಇತ್ತು. 2012ರಿಂದ 2025ರವರೆಗಿನ 14 ವರ್ಷಗಳಲ್ಲಿ ಗೆದ್ದವು ಕೇವಲ 5 ಕ್ಲಬ್ಬುಗಳು. ಅದರಲ್ಲಿ ಮ್ಯಾಂಚೆಸ್ಟರ್ ಸಿಟಿಯೊಂದೇ 8 ಬಾರಿ. ಜರ್ಮನಿಯಲ್ಲಿ ಬಾಯರ್ನ್ 2013ರಿಂದ 2023ರವರೆಗೆ ಸತತವಾಗಿ 11 ಸಲ ಗೆದ್ದಿತು. ಇಟಲಿಯಲ್ಲಿ ಯುವೆಂಟಸ್ 2012ರಿಂದ 2020ರವರೆಗೆ 9 ಸಲ. ಇಡೀ ಯುರೋಪಿನ ಕಪ್ಪನ್ನು ನೋಡಿದರೆ 1986ರಲ್ಲಿ ರುಮೇನಿಯಾದ ಸ್ಟೆವಾ, 1991ರಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ಅದನ್ನು ಎತ್ತಿಕೊಂಡು ಹೋದವು. 2004ರಲ್ಲಿ ಪೋರ್ಚುಗಲ್ಲಿನ ಪೋರ್ಟೊ ಗೆದ್ದಿತು. ಅಲ್ಲಿಂದ 2025ರವರೆಗೆ ಆ ಕಪ್ಪು ಇಂಗ್ಲೆಂಡ್, ಸ್ಪೇನ್, ಇಟಲಿ, ಜರ್ಮನಿ, ಫ್ರಾನ್ಸ್—ಈ ಐದು ದೇಶಗಳನ್ನು ಬಿಟ್ಟು ಆಚೆ ಕಾಲಿಟ್ಟಿಲ್ಲ.

1967ರಲ್ಲಿ ಯುರೋಪನ್ನು ಗೆದ್ದ ಗ್ಲಾಸ್ಗೋದ ಸೆಲ್ಟಿಕ್ ತಂಡದ ಹನ್ನೊಂದು ಮಂದಿಯೂ ತಮ್ಮ ಮೈದಾನದಿಂದ ಸುಮಾರು 50 ಕಿಲೋಮೀಟರ್ ಒಳಗೆ ಹುಟ್ಟಿದವರು. ಬೆಂಗಳೂರಿನಿಂದ ರಾಮನಗರಕ್ಕೆ ಎಷ್ಟು ದೂರವೋ ಅಷ್ಟು. ಅಷ್ಟರೊಳಗಿನ ಹುಡುಗರನ್ನು ಕಟ್ಟಿಕೊಂಡು ಒಂದು ಖಂಡವನ್ನೇ ಗೆಲ್ಲುವುದು ಇಂದು ಕನಸಿನಲ್ಲಿಯೂ ಬಾರದ ಮಾತು.

ಹಾಗಾದರೆ ಅದು ಸತ್ಯಯುಗವಾಗಿತ್ತೆ? ಅಲ್ಲ. ಅದೇ ಯುರೋಪಿನ ಕಪ್ಪನ್ನು ಮೊದಲ ಐದು ವರ್ಷ, 1956ರಿಂದ 1960ರವರೆಗೆ, ರಿಯಲ್ ಮ್ಯಾಡ್ರಿಡ್ ಒಂದೇ ಗೆದ್ದುಕೊಂಡಿತು. ಅದೇ ಸೆಲ್ಟಿಕ್ ತನ್ನ ದೇಶದಲ್ಲಿ 1966ರಿಂದ 1974ರವರೆಗೆ 9 ವರ್ಷ ಬೇರೆಯವರಿಗೆ ಪಟ್ಟ ಬಿಟ್ಟುಕೊಡಲಿಲ್ಲ. ಹಿಂದಿನವರಿಗೂ ಗೆಲ್ಲುವ ಹಸಿವಿತ್ತು, ದುಡ್ಡಿನ ಮೋಹವಿತ್ತು. ಅವರು ನಮಗಿಂತ ಪುಣ್ಯವಂತರಲ್ಲ. ಅವರಿಗೆ ಇದ್ದದ್ದು ಕಟ್ಟುಪಾಡು.

ಕಟ್ಟುಪಾಡು ಎಂದರೇನು ಎಂಬುದನ್ನು ನಮ್ಮ ಕಡೆಯವರಿಗೆ ಲಂಡನ್ನಿನವರು ಹೇಳಿಕೊಡಬೇಕಾಗಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿದರೆ ಸಾಕು. ಮಾಗಡಿಯ ರೈತನ ಗೂಡೂ ಕನಕಪುರದ ರೈತನ ಗೂಡೂ ಅಲ್ಲಿ ಎಲ್ಲರ ಕಣ್ಣೆದುರಿಗೆ ಲಾಟಾಗಿ ಬೀಳುತ್ತದೆ, ಬಹಿರಂಗ ಹರಾಜಾಗುತ್ತದೆ. ದೊಡ್ಡ ಯಂತ್ರವಿಟ್ಟವನೂ ಚರಕದಲ್ಲಿ ನೂಲು ತೆಗೆಯುವವನೂ ಒಂದೇ ಹರಾಜಿನಲ್ಲಿ ಕೂಗಬೇಕು. ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲಿಯೇ ಆಗಬೇಕೆಂದು 1959ರಲ್ಲಿ ಕಾಯಿದೆ ಬಂದದ್ದರಿಂದ ಈ ಏರ್ಪಾಡು ನಿಂತಿದೆ. ಆ ಕಾಯಿದೆಯನ್ನು ಎತ್ತಿಹಾಕಿ, "ಬಲ್ಲವರು ಕೊಳ್ಳಲಿ" ಎಂದು ಬಿಟ್ಟರೆ ಏನಾದೀತು? ದುಡ್ಡಿರುವವನು ಒಳ್ಳೆಯ ಗೂಡನ್ನು ರೈತನ ಮನೆಬಾಗಿಲಲ್ಲೇ ಹಿಡಿದುಕೊಂಡಾನು. ಚರಕದವನ ಒಲೆ ಆರೀತು. ಆಮೇಲೆ ನಾವು "ಕಾಲ ಬದಲಾಯಿತು" ಎಂದು ನಿಟ್ಟುಸಿರು ಬಿಟ್ಟೇವು. ಕಾಲ ತಾನಾಗಿ ಬದಲಾಗುವುದಿಲ್ಲ. ಬದಲಾಯಿಸಿದವರಿಗೆ ಹೆಸರು, ವಿಳಾಸ ಇರುತ್ತವೆ.

ಯುರೋಪಿನಲ್ಲಿ ಆದದ್ದೂ ಇದೇ. ಇಂಗ್ಲೆಂಡಿನಲ್ಲಿ ಲೀಗ್ ಪಂದ್ಯದ ಟಿಕೆಟ್ಟಿನ ಹಣದಲ್ಲಿ ಬಂದ ತಂಡಕ್ಕೂ ಪಾಲಿತ್ತು. 1983ರಲ್ಲಿ ಅದನ್ನು ಕೈಬಿಟ್ಟು, ಮನೆಯವನೇ ಎಲ್ಲವನ್ನೂ ಇಟ್ಟುಕೊಳ್ಳಲಿ ಎಂದರು. 1992ರಲ್ಲಿ ದೊಡ್ಡ ಕ್ಲಬ್ಬುಗಳು ಹಳೆಯ ಲೀಗಿನಿಂದ ಬೇರೆಯಾಗಿ, ಟೆಲಿವಿಷನ್ನಿನ ಹಣವನ್ನು ತಮ್ಮಲ್ಲೇ ಹಂಚಿಕೊಳ್ಳುವ ಹೊಸ ಮನೆ ಕಟ್ಟಿದವು. ದೇಶಕ್ಕೊಂದು ಚಾಂಪಿಯನ್ ತಂಡ ಆಡುತ್ತಿದ್ದ ಯುರೋಪಿನ ಕಪ್ಪಿಗೆ 1997ರಿಂದ ದೊಡ್ಡ ದೇಶಗಳ ಎರಡನೆಯ ಸ್ಥಾನದವರಿಗೂ ಬಾಗಿಲು ತೆರೆಯಿತು. ಒಂದೊಂದೂ ಒಂದು ಕೋಣೆಯಲ್ಲಿ, ಒಂದು ಮೇಜಿನ ಸುತ್ತ ಆದ ತೀರ್ಮಾನ. ಕೊನೆಗೆ 2021ರ ಏಪ್ರಿಲಿನಲ್ಲಿ 12 ಕ್ಲಬ್ಬುಗಳು ತಮಗೆ ಸೋಲಿನ ಭಯವೇ ಇಲ್ಲದ 'ಸೂಪರ್ ಲೀಗ್' ಮಾಡಿಕೊಳ್ಳಲು ಹೊರಟವು. ಅಭಿಮಾನಿಗಳು ಬೀದಿಗಿಳಿದರು, ಎರಡು ಮೂರು ದಿನಗಳಲ್ಲಿ ಆ ಗೋಪುರ ಕುಸಿಯಿತು. "ಕಾಲ ಬದಲಾಗಿದೆ" ಎಂದು ಅವರೂ ಸುಮ್ಮನಿದ್ದಿದ್ದರೆ ಅದು ನಿಲ್ಲುತ್ತಿತ್ತು.

ಹಿರಿಯರ ಪಕ್ಷಕ್ಕೂ ಒಂದು ಮಾತು ಹೇಳಲೇಬೇಕು. ನೀವು ಹೊಗಳುವ ಆ ಸಮಬಲದ ಒಂದು ಪಾಲು ಆಟಗಾರನ ಕೊರಳ ಹಗ್ಗದಿಂದ ಬಂದದ್ದು. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ನಿಯಮವಿತ್ತು. ಕರಾರು ಮುಗಿದರೂ ಕ್ಲಬ್ಬು ಬಿಡದಿದ್ದರೆ ಅವನು ಬೇರೆಡೆ ಹೋಗುವಂತಿರಲಿಲ್ಲ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರ ನ್ಯಾಯಾಲಯ ಹತ್ತಿದ ಮೇಲೆ 1963ರಲ್ಲಿ ಆ ಪದ್ಧತಿಗೆ ಪೆಟ್ಟುಬಿತ್ತು. 1995ರಲ್ಲಿ ಬೋಸ್ಮನ್ ಎಂಬ ಬೆಲ್ಜಿಯಂ ದೇಶದವನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ಉಳಿದ ಕಟ್ಟನ್ನೂ ಬಿಚ್ಚಿತು. ಬಿಚ್ಚಿದ್ದು ನ್ಯಾಯವೇ. ದುಡಿಯುವವನನ್ನು ಕಟ್ಟಿಹಾಕಿ ತರುವ ಸಮಾನತೆ ನಮಗೆ ಬೇಡ. ಆದರೆ ಆಟಗಾರನ ಕಟ್ಟನ್ನು ಬಿಚ್ಚಿದವರು ಧನಿಕರ ಹಣಕ್ಕೆ ಹಂಚಿಕೆಯ ಕಟ್ಟನ್ನು ಏಕೆ ಹಾಕಲಿಲ್ಲ? ಕೇಳಬೇಕಾದ ಪ್ರಶ್ನೆ ಅದು.

ಈ ಕಥೆ ಏಳು ಸಮುದ್ರದಾಚೆಯದು ಎಂದುಕೊಳ್ಳುವವರು ಬೆಂಗಳೂರಿನ ಚರಿತ್ರೆಯನ್ನು ತೆರೆಯಲಿ. ಗೋರಾ ಸಿಪಾಯಿಗಳ ತಂಡಗಳೇ ಆಳುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿಯೂ 1938ರಲ್ಲಿಯೂ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಸಂತೋಷ್ ಟ್ರೋಫಿಯನ್ನು ಮೈಸೂರು 1946-47, 1952-53, 1967-68, 1968-69ರಲ್ಲಿ ಮನೆಗೆ ತಂದಿತು. ಆದರೆ ಆಗಲೂ ಕಲ್ಕತ್ತದ ಸೆಳೆತ ಇದ್ದೇ ಇತ್ತು. ಬೆಂಗಳೂರಿನ ಅಹಮದ್ ಖಾನ್, ಧನರಾಜ್ ಈಸ್ಟ್ ಬೆಂಗಾಲಿನ 'ಪಂಚಪಾಂಡವ'ರಲ್ಲಿ ಸೇರಿ ಅಲ್ಲಿ ಹೆಸರಾದರು. ಹಾಗಿದ್ದೂ ನಮ್ಮ ಆಟ ಉಳಿದದ್ದು ಹೇಗೆ? ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಗಳು ಆಟಗಾರನಿಗೆ ಕೆಲಸ ಕೊಟ್ಟು ತಂಡ ಕಟ್ಟಿದ್ದರಿಂದ. ತಿಂಗಳ ಸಂಬಳವಿದ್ದರೆ ಊರಿನ ಹುಡುಗ ಊರಿನಲ್ಲೇ ಆಡಬಹುದು. ಆ ಆಸರೆ ಸೊರಗಿತು, ಆಟವೂ ಸೊರಗಿತು. ಮತ್ತೆ ಸಂತೋಷ್ ಟ್ರೋಫಿ ನಮ್ಮ ಕೈಗೆ ಬಂದದ್ದು 54 ವರ್ಷಗಳ ಮೇಲೆ, 2023ರ ಮಾರ್ಚಿನಲ್ಲಿ. ದೂರದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಆ ಹುಡುಗರ ಹೆಸರನ್ನು ಹೇಳಬಲ್ಲವರು ನಮ್ಮ ಹೋಟೆಲು ಪಂಚಾಯಿತಿಯಲ್ಲಿ ಎಷ್ಟು ಮಂದಿ?

2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು ನಿಜ. ಅದು ಹೆಮ್ಮೆಯ ವಿಷಯ. ಆದರೆ 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗಿನಲ್ಲಿ ಮೊದಲ ಹತ್ತು ವರ್ಷ ಕೊನೆಯ ಸ್ಥಾನದವರಿಗೆ ಕೆಳಗಿಳಿಯುವ ಭಯವಿರಲಿಲ್ಲ. ಆಡಿ ಗೆದ್ದು ಕೆಳಗಿನಿಂದ ಒಳಗೆ ಬರುವ ಬಾಗಿಲು ತೆರೆದದ್ದೇ 2023ರಲ್ಲಿ. ಇಪ್ಸ್‌ವಿಚ್ಚಿನ ಕಥೆ ನಮ್ಮಲ್ಲಿ ಅಷ್ಟು ವರ್ಷ ನಡೆಯುವಂತೆಯೇ ಇರಲಿಲ್ಲ. ಅದು ಕಾಲದ ಮಹಿಮೆಯೋ? ಅಲ್ಲ, ನಿಯಮ ಬರೆದವರ ಕೈವಾಡ.

ಆದ್ದರಿಂದ ಹಿರಿಯರೆ, ಹಳೆಯದನ್ನು ನೆನೆದು ಕಣ್ಣೊರೆಸಿಕೊಂಡರೆ ಸಾಲದು. ಕಿರಿಯರೆ, ಗೆದ್ದೆತ್ತಿನ ಬಾಲ ಹಿಡಿದು ಅದನ್ನೇ ಅಭಿಮಾನವೆಂದು ಕರೆದರೂ ಸಾಲದು. ಮೇಲಿನವನು ಬೀಳಬಲ್ಲ, ಕೆಳಗಿನವನು ಏರಬಲ್ಲ ಎಂಬ ನಿಯಮವನ್ನು ಕೇಳಿ ಪಡೆಯಬೇಕು. ಟೆಲಿವಿಷನ್ನಿನ ಹಣದಲ್ಲಿ ಸಣ್ಣ ತಂಡದ ಪಾಲನ್ನು ಕೇಳಬೇಕು. ಮ್ಯಾಡ್ರಿಡ್ಡಿಗಾಗಿ ನಿದ್ದೆಗೆಡುವವರು ವರ್ಷಕ್ಕೆ ನಾಲ್ಕು ಸಂಜೆಯಾದರೂ ರೈಲು ಹತ್ತಿ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಕುಳಿತು ನಮ್ಮ ಹುಡುಗರ ಆಟ ನೋಡಬೇಕು. ಖಾಲಿ ಗ್ಯಾಲರಿಯ ಪರವಾಗಿ ಯಾವ ನಿಯಮವನ್ನೂ ಯಾರೂ ಬರೆಯುವುದಿಲ್ಲ.