ಇಂಗ್ಲಿಷಿನ ಬಾಡಿಗೆ ಮನೆಯಲ್ಲಿ ಕನ್ನಡದ ಅಕ್ಷರ

ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಒಂದು ಸುತ್ತು ಹಾಕಿದರೆ ಈಗಲೂ ಪ್ರೆಸ್ಸಿನ ಮಸಿ ವಾಸನೆ ಮೂಗಿಗೆ ಬಡಿಯುತ್ತೆ. 'ಡಿಟಿಪಿ, ಜೆರಾಕ್ಸ್, ಲಗ್ನಪತ್ರಿಕೆ, ಬಿಲ್ ಬುಕ್' ಅಂತ ಬೋರ್ಡು ತೂಗುಹಾಕಿದ ಎಂಟಡಿ ಹತ್ತಡಿ ಅಂಗಡಿಗಳು. ಒಳಗೆ ಇಣುಕಿ ನೋಡಿದರೆ ಎಷ್ಟೋ ಕಡೆ ಎರಡು ಕಂಪ್ಯೂಟರು. ಒಂದು ಹೊಸದು, ತೆಳ್ಳಗೆ ಮಿರಮಿರ ಮಿಂಚುತ್ತೆ. ಇನ್ನೊಂದು ಮಾಸಿದ ಹಳೇ ಡಬ್ಬ, ಸೆಖೆ ತಡೆಯಲಿ ಅಂತ ಪಕ್ಕದ ಮುಚ್ಚಳ ಬಿಚ್ಚಿಟ್ಟದ್ದು. ಹೋದ ವರ್ಷದ ಬಿಲ್ ಬುಕ್ಕನ್ನೇ ಫೋನ್ ನಂಬರ್ ಒಂದು ಬದಲಾಯಿಸಿ ಇನ್ನು ಹತ್ತು ಕೊಡಿ ಅಂತ ಗಿರಾಕಿ ಕೇಳಿದರೆ, ಅಂಗಡಿಯವರು ಹೋಗಿ ಕೂರುವುದು ಹೊಸದರ ಮುಂದಲ್ಲ, ಹಳೇದರ ಮುಂದೆ.

'ಹೊಸದರಲ್ಲಿ ಪೇಜ್‌ಮೇಕರ್ ಏಳಲ್ಲ ಸಾರ್.'

ಗಿರಾಕಿಗೆ ಇದೇನೂ ಅರ್ಥವಾಗುವುದಿಲ್ಲ. ಆತನಿಗೆ ಮಾರ್ಕೆಟ್ಟಿನ ಬಸ್ಸಿಗೆ ಹೊತ್ತಾಯ್ತು. ಹಳೇ ಡಬ್ಬ ಎದ್ದು ಕಣ್ಣುಜ್ಜಿಕೊಳ್ಳಲಿಕ್ಕೇ ಹತ್ತು ನಿಮಿಷ. ಒಂದು ನಂಬರ್ ಬದಲಾಯಿಸಲು ನಾಳೆ ಬನ್ನಿ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಗಿರಾಕಿ ಅಂಗಡಿಯವರನ್ನು ಬೈತಾನೆ, ಅಂಗಡಿಯವರು ಕಂಪ್ಯೂಟರನ್ನು ಬೈತಾರೆ. ಕಂಪ್ಯೂಟರ್ ಯಾರನ್ನು ಬೈಯಬೇಕು?

ಬಸವನಗುಡಿ, ಮಲ್ಲೇಶ್ವರದ ಡಿಟಿಪಿ ಅಂಗಡಿಗಳ ಪಾಡೂ ಬೇರೆ ಏನಲ್ಲ. ಕಡಲೆಕಾಯಿ ಪರಿಷೆಯ ಕರಪತ್ರ, ರಾಮೋತ್ಸವದ ಕಛೇರಿ ಪಟ್ಟಿ, ಸಹಕಾರ ಸಂಘದ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕಾರ್ಡು, ಹೀಗೆ ಊರಿನ ಹಬ್ಬ ಹುಣ್ಣಿಮೆ ಸಾವು ನೋವೆಲ್ಲ ಇಪ್ಪತ್ತು ಇಪ್ಪತ್ತೈದು ವರ್ಷ ಹಾದುಬಂದದ್ದು ಈ ಒಂದು ಸಾಫ್ಟ್‌ವೇರಿನ ಬಾಗಿಲಲ್ಲೇ. ಅದರ ಜಾತಕವನ್ನು ಸ್ವಲ್ಪ ನೋಡಬೇಕು.

ಪೇಜ್‌ಮೇಕರ್ ಹುಟ್ಟಿದ್ದು 1985ರಲ್ಲಿ, ಅಮೆರಿಕದ ಆಲ್ಡಸ್ ಕಂಪನಿಯಲ್ಲಿ. ಅಲ್ಲಿಯವರೆಗೆ ಪುಟ ಕಟ್ಟುವುದು ಅಂದರೆ ಸೀಸದ ಮೊಳೆ ಜೋಡಿಸುವುದು, ಇಲ್ಲವೇ ಫೋಟೋ ಕಾಗದ ಕತ್ತರಿಸಿ ಅಂಟಿಸುವುದು. ಆ ಕೆಲಸವೆಲ್ಲ ಮೇಜಿನ ಮೇಲಿನ ಒಂದು ಗಾಜಿನ ಪರದೆಗೆ ಬಂತು. 1994ರಲ್ಲಿ ಆಲ್ಡಸ್ಸನ್ನು ಅಡೋಬಿ ಕಂಪನಿ ಕೊಂಡುಕೊಂಡಿತು. 1999ರಲ್ಲಿ ಅಡೋಬಿಯವರು ಇನ್‌ಡಿಸೈನ್ ಅನ್ನುವ ತಮ್ಮದೇ ಹೊಸ ಸಾಫ್ಟ್‌ವೇರ್ ತಂದರು. ಮನೆಗೆ ಹೊಸ ಸೊಸೆ ಬಂದ ಮೇಲೆ ಹಳಬರ ಮಾತು ಎಷ್ಟು ದಿನ ನಡೆದೀತು? 2001ರಲ್ಲಿ ಪೇಜ್‌ಮೇಕರಿನ ಏಳನೇ ಆವೃತ್ತಿ ಬಂತು. ಎಂಟನೆಯದು ಬರಲೇ ಇಲ್ಲ. ಅಂದರೆ ಇವತ್ತು ಚಾಮರಾಜಪೇಟೆಯಲ್ಲಿ ಓಡುತ್ತಿರುವುದು ಹೆತ್ತವರೇ ಕೈಬಿಟ್ಟು ಎರಡು ದಶಕ ದಾಟಿದ ಮಗು.

ಹಾಗಿದ್ದರೆ ಬಿಟ್ಟು ಹೊಸದಕ್ಕೆ ಹೋಗಬಾರದೇ? ಹೊರಗಿನವರು ಸುಲಭವಾಗಿ ಕೇಳಿಬಿಡುತ್ತಾರೆ. ಇಂಗ್ಲಿಷಿನವರು ಹಾಗೇ ಹೋದರು, ಅವರಿಗೆ ಅಷ್ಟು ನೋವಾಗಲಿಲ್ಲ. ಕನ್ನಡದ ಕಷ್ಟ ಬೇರೆ. ಇಲ್ಲಿ ಕೆಟ್ಟದ್ದು ಬರೀ ಮೇಜಲ್ಲ, ಮೇಜಿನ ಮೇಲಿಟ್ಟ ಅಕ್ಷರವೂ ಅದರ ಜತೆಗೇ ಅಂಟಿಕೊಂಡಿದೆ.

ವಿಷಯ ಇಷ್ಟು. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ ನಂಬರ್. ಮೊದಲಿಗೆ ಆ ಬಡಾವಣೆಯಲ್ಲಿ ಸೈಟು ಸಿಕ್ಕಿದ್ದು ಇಂಗ್ಲಿಷಿಗೆ. ಕನ್ನಡದವರು ಜಾಣತನದಿಂದ ಇಂಗ್ಲಿಷಿನ ಮನೆಗಳಲ್ಲೇ ಬಾಡಿಗೆಗೆ ಕೂತರು. ಇಂಗ್ಲಿಷಿನ 'ಪಿ' ಇರುವ ಮನೆಯಲ್ಲಿ ತಲೆಕಟ್ಟಿಲ್ಲದ 'ಕ'ದ ಒಡಲನ್ನು ಕೂರಿಸುವುದು, ಇನ್ನೆಲ್ಲೋ ಒಂದು ಮನೆಯಲ್ಲಿ ಬರೀ ತಲೆಕಟ್ಟು, ಮತ್ತೊಂದರಲ್ಲಿ ಒತ್ತು. ನುಡಿಯ ಹಳೇ ಫಾಂಟಿನಲ್ಲಿ 'ಕನ್ನಡ' ಅಂತ ಬರೆಯಲು ಹೀಗೆ ಏಳು ಚೂರು ಬೇಕು. ಮೊಳೆ ಜೋಡಿಸುತ್ತಿದ್ದ ಹಳೇ ಕಂಪಾಸಿಟರ್ ಇದನ್ನು ಕಂಡಿದ್ದರೆ 'ನಮ್ಮ ಕೇಸೇ ಅಲ್ವೇನಪ್ಪಾ ಇದು' ಅಂತಿದ್ದರೇನೋ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ. ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಚುಕ್ಕಿ ಬಾಲ ಬಂದ ಯಾವುದೋ ಭೂತದ ಭಾಷೆ.

ಇದನ್ನು ಮಾಡಿದವರನ್ನು ದೂರುವುದು ತಪ್ಪಾಗುತ್ತೆ. ಕನ್ನಡವನ್ನು ಕಂಪ್ಯೂಟರಿಗೆ ತರುವುದೇ ಆಗದ ಮಾತು ಅನ್ನುವ ಕಾಲದಲ್ಲಿ ಕೆ.ಪಿ. ರಾವ್ ಅವರು ಕೀಲಿಮಣೆಯ ವಿನ್ಯಾಸ ಕೊಟ್ಟರು. ಇವತ್ತಿಗೂ ಡಿಟಿಪಿಯವರ ಬೆರಳು ಓಡುವುದು ಅದೇ ದಾರಿಯಲ್ಲಿ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು, ಅದೂ ಪುಕ್ಕಟೆ. ಪುಣೆಯ ಶ್ರೀಲಿಪಿ ಇತ್ತು. ಇವರೆಲ್ಲ ಇಲ್ಲದಿದ್ದರೆ ಬಿಲ್ ಬುಕ್ಕೂ ಇಲ್ಲ, ಲಗ್ನಪತ್ರಿಕೆಯೂ ಇಲ್ಲ. ತೊಂದರೆ ಏನೆಂದರೆ ಬಾಡಿಗೆ ಮನೆಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಕೂತರು. ನುಡಿಯ ನಕ್ಷೆ ಬೇರೆ, ಶ್ರೀಲಿಪಿಯ ನಕ್ಷೆ ಬೇರೆ. ಒಬ್ಬರದು ಇನ್ನೊಬ್ಬರಿಗೆ ಓದಲು ಬರದು.

ಕನ್ನಡಕ್ಕೆ ಸ್ವಂತ ಸೈಟು ಸಿಗಲಿಲ್ಲವೇ ಅಂದರೆ, ಸಿಕ್ಕಿತ್ತು. ಯೂನಿಕೋಡ್ ಅನ್ನುವ ಜಾಗತಿಕ ವ್ಯವಸ್ಥೆಯಲ್ಲಿ 1991ರಲ್ಲೇ ಕನ್ನಡಕ್ಕೆ ಒಂದು ಪೂರಾ ಬಡಾವಣೆ, 128 ಮನೆ, ಹೆಸರಿಗೆ ರಿಜಿಸ್ಟರ್ ಆಗಿದೆ. ಅದಾಗಿ ಹತ್ತು ವರ್ಷದ ಮೇಲೆ ಬಂದ ಪೇಜ್‌ಮೇಕರಿನ ಕೊನೇ ಆವೃತ್ತಿಗೂ ಆ ಬಡಾವಣೆಯ ವಿಳಾಸ ಗೊತ್ತಿರಲಿಲ್ಲ. ಹಾಗಾಗಿ ಫೋನಿನಲ್ಲಿ ಮೊಮ್ಮಗಳು ಕಳಿಸುವ ಕನ್ನಡ ಮೆಸೇಜು ಸ್ವಂತ ಮನೆಯದು, ಪ್ರೆಸ್ಸಿನಲ್ಲಿ ಅಚ್ಚಾಗುವ ತಾತನ ಪುಸ್ತಕ ಬಾಡಿಗೆ ಮನೆಯದು. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಆಹ್ವಾನ ಪತ್ರಿಕೆಯ ಒಕ್ಕಣೆಯನ್ನು ಅಂಗಡಿಯಲ್ಲಿ ಮತ್ತೆ ಮೊದಲಿಂದ ಟೈಪು ಮಾಡುತ್ತಾ ಕೂರುವುದು ಇದೇ ಕಾರಣಕ್ಕೆ. 'ಕಳಿಸಿದೀನಲ್ಲ, ಹಾಗೇ ಹಾಕ್ರೀ' ಅಂತ ರೇಗುವವರು ಇದನ್ನು ತಿಳಿಯಬೇಕು.

ಇನ್ನು ಯಂತ್ರದ ಕಡೆಗೆ ಬರೋಣ. ಅಂಗಡಿಯವರ ಪ್ರೀತಿಯ ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದು ಬಾಗಿಲು ಹಾಕಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲು ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಏಳೆಂಟು ವರ್ಷ ದಾಟಿದ ಕಂಪ್ಯೂಟರುಗಳಲ್ಲಿ ಬಹುಪಾಲು ಅದರ ಪರೀಕ್ಷೆಯಲ್ಲೇ ಫೇಲು. ಹೊಸ ಪೆಟ್ಟಿಗೆ ಕೊಂಡುಕೊಂಡರೋ, ತೊಂಬತ್ತರ ದಶಕದ 16 ಬಿಟ್ ಸಾಫ್ಟ್‌ವೇರುಗಳು ಅದರಲ್ಲಿ ಮಿಸುಕಾಡುವುದೇ ಇಲ್ಲ. ಕೆಲವು ಕನ್ನಡ ಫಾಂಟಿನ ಪ್ಯಾಕೇಜಿಗೆ ಒಂದು ಬೀಗದ ತುಂಡು ಬರುತ್ತಿತ್ತು, ಪ್ರಿಂಟರ್ ಸಿಗಿಸುವ ಅಗಲವಾದ ಕಿಂಡಿಗೆ ಅದನ್ನು ಚುಚ್ಚಬೇಕು. ಹೊಸ ಕಂಪ್ಯೂಟರಿನಲ್ಲಿ ಆ ಕಿಂಡಿಯೇ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಬೀಗ ಕೈಯಲ್ಲಿ, ಬಾಗಿಲು ಮಾಯ! ಸಾಲದ್ದಕ್ಕೆ 2023ರ ಜನವರಿಯಿಂದ ಅಡೋಬಿಯವರು 'ಟೈಪ್ 1' ಅನ್ನುವ ಹಳೇ ಜಾತಿಯ ಫಾಂಟುಗಳನ್ನೂ ತಮ್ಮ ಸಾಫ್ಟ್‌ವೇರುಗಳಿಂದ ಹೊರಗೆ ಹಾಕಿದರು.

ಅದಕ್ಕೇ ಅಂಗಡಿಯವರು ಎಸ್.ಪಿ. ರೋಡಿನಲ್ಲಿ ಹಳೇ ಮದರ್‌ಬೋರ್ಡ್ ಹುಡುಕಿಕೊಂಡು ಅಲೆಯುವುದು. ಎಲ್ಲರೂ ಹೊಸದು ಕೇಳುವ ಬೀದಿಯಲ್ಲಿ ಇವರು ಹದಿನೈದು ವರ್ಷದ ಹಿಂದಿನದು ಕೇಳುತ್ತಾರೆ. ಸಿಕ್ಕರೆ ಹಬ್ಬ. ಸಿಗದಿದ್ದರೆ ಮಗ್ಗುಲ ಅಂಗಡಿಯ ಸತ್ತ ಕಂಪ್ಯೂಟರಿನ ಭಾಗ ಕಿತ್ತು ಕಸಿ ಕಟ್ಟುವುದು.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಕಂಪನಿಯವರು ಕೈಬಿಟ್ಟರು ಅಂತ ಗೋಳಾಡುವ ಅಂಗಡಿಗಳಲ್ಲಿ ಎಷ್ಟು ಅಂಗಡಿ ಕಂಪನಿಗೆ ಒಂದು ರೂಪಾಯಿ ಕೊಟ್ಟಿತ್ತು? ಸಿ.ಡಿ. ಕೈಯಿಂದ ಕೈಗೆ ದಾಟಿ ಬಂದದ್ದೇ ಹೆಚ್ಚು. ಕಾಸು ಕೊಡದ ಅಂಗಡಿ ಮುಂದೆ ನಿಂತು ರಸೀತಿ ಕೇಳಲಿಕ್ಕೆ ಬರುವುದಿಲ್ಲ. ಆದರೆ ಕಾಸು ಕೊಟ್ಟವರ ಗತಿಯೂ ಅದೇ ಆಯಿತು ಅನ್ನುವುದೂ ಅಷ್ಟೇ ಸತ್ಯ. 2013ರಿಂದ ಅಡೋಬಿಯವರು ತಮ್ಮ ಹೊಸ ಆವೃತ್ತಿಗಳನ್ನು ಮಾರುವುದು ಬಿಟ್ಟು ಚಂದಾ ವಸೂಲಿಗೆ ಇಳಿದರು. ಕಾರ್ಡಿಗೆ ಇಷ್ಟು, ಪುಟಕ್ಕೆ ಇಷ್ಟು ಅಂತ ಚಿಲ್ಲರೆ ಎಣಿಸುವ ಅಂಗಡಿಗೆ ಪ್ರತಿ ತಿಂಗಳು ಡಾಲರಿನವರಿಗೆ ಕಪ್ಪ ಕಟ್ಟುವುದು ಅಂದರೆ ಹೊಟ್ಟೆಯ ಮಾತು.

ಅಂಗಡಿಯ ಹೊಟ್ಟೆಪಾಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ, ಅದರ ಬಗ್ಗೆ ಯಾರೂ ಉಸಿರೆತ್ತುತ್ತಿಲ್ಲ. ಹೆಚ್ಚೂಕಡಿಮೆ 1990ರಿಂದ ಈಚೆಗೆ ಅಚ್ಚಾದ ಕನ್ನಡ ಪುಸ್ತಕಗಳಲ್ಲಿ ದೊಡ್ಡ ಪಾಲು ಇಂಥ ಬಾಡಿಗೆ ಅಕ್ಷರದಲ್ಲೇ ಇದೆ. ಸಣ್ಣ ಪ್ರಕಾಶಕರ ಕಾದಂಬರಿಗಳು, ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಯಾರೋ ಮೇಷ್ಟರು ಪಿಂಚಣಿ ದುಡ್ಡಿನಲ್ಲಿ ತಂದ ಊರಿನ ಇತಿಹಾಸ. ಕಡತ ಇರುವುದು ಆ ಮುಚ್ಚಳ ತೆಗೆದ ಡಬ್ಬದಲ್ಲಿ. ಎರಡನೇ ಮುದ್ರಣ ಬೇಕೆಂದಾಗ ಡಬ್ಬ ಏಳದಿದ್ದರೆ ಮುನ್ನೂರು ಪುಟ ಮತ್ತೆ ಟೈಪಿಂಗು, ಮತ್ತೆ ಪ್ರೂಫು, ಮತ್ತೆ ತಪ್ಪು. ಸೀಸದ ಮೊಳೆಯಾದರೂ ಕರಗಿಸಿ ತೂಕಕ್ಕೆ ಮಾರಬಹುದಿತ್ತು. ತೆರೆಯಲಾಗದ ಕಡತಕ್ಕೆ ಗುಜರಿಯಲ್ಲೂ ಬೆಲೆ ಇಲ್ಲ.

ದಾರಿ ಇಲ್ಲವೆಂದಲ್ಲ, ಇದೆ. ಬಾಡಿಗೆ ಅಕ್ಷರವನ್ನು ಯೂನಿಕೋಡಿಗೆ ಸಾಗಿಸುವ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಈಚಿನ ನುಡಿ ಯೂನಿಕೋಡಿನಲ್ಲೂ ಬರೆಯುತ್ತೆ. ಆದರೆ ಸಾಗಿಸುವಾಗ ಸಾಮಾನು ಒಡೆಯುತ್ತೆ, ಎಲ್ಲ ಮನೆ ಬದಲಾವಣೆಯ ಹಾಗೆ. ಮೊದಲು ಒಡೆಯುವುದು ಅರ್ಕಾವತ್ತು. 'ಸೂರ್ಯ' ಅನ್ನುವಾಗ ಹಳೇ ಫಾಂಟಿನಲ್ಲಿ ಆ ಕೊಕ್ಕೆಯ ನಂಬರು ಅಕ್ಷರದ ಹಿಂದೆ ಬರುತ್ತೆ, ಯೂನಿಕೋಡಿನಲ್ಲಿ ರಕಾರ ಮುಂದೆ ಇರಬೇಕು. ನಡುವೆ ಇಂಗ್ಲಿಷ್ ಪದ ಬಂದರೆ ಪರಿವರ್ತಕ ಅದನ್ನೂ ಕನ್ನಡವೆಂದೇ ತಿಳಿದು ಕಲಸುಮೇಲೋಗರ ಮಾಡಿಡುತ್ತೆ. ಸಂಸ್ಕೃತ ಶ್ಲೋಕವಿದ್ದರಂತೂ ಕೂತು ಒಂದೊಂದು ಸಾಲು ನೋಡಬೇಕು. ಕನ್ನಡ ಬಲ್ಲ ಕಣ್ಣು ಬೇಕು, ತಾಳ್ಮೆ ಬೇಕು, ಕೂಲಿಯೂ ಬೇಕು.

ಇನ್ನೊಂದು ತುರ್ತಿನ ಮಾತು. ಪೇಜ್‌ಮೇಕರಿನ ಕಡತವನ್ನು ನೇರವಾಗಿ ತೆರೆಯಬಲ್ಲ ಕೊನೇ ಇನ್‌ಡಿಸೈನ್ ಅಂದರೆ 2012ರ ಸಿಎಸ್6. ಕನ್ನಡದ ಯೂನಿಕೋಡನ್ನು ನೆಟ್ಟಗೆ ಕೂರಿಸಲು ಇನ್‌ಡಿಸೈನ್ ಶುರುಮಾಡಿದ್ದೂ ಆ ಆವೃತ್ತಿಯಿಂದಲೇ. ಅದರ ಮುಂದಿನವು ಪೇಜ್‌ಮೇಕರನ್ನು ಗುರುತೇ ಹಿಡಿಯುವುದಿಲ್ಲ. ಅಂದರೆ ಹಳೇ ದಡಕ್ಕೂ ಹೊಸ ದಡಕ್ಕೂ ನಡುವೆ ಇದ್ದ ಸೇತುವೆಯೇ ಈಗ ಹಳೇದಾಗಿ ಕೂತಿದೆ. ಸದ್ಯಕ್ಕೆ ಬುದ್ಧಿವಂತಿಕೆ ಅಂದರೆ ಹಳೇ ಡಬ್ಬ ಜೀವದಲ್ಲಿರುವಾಗಲೇ ಪ್ರತಿ ಕಡತದ ಪಠ್ಯವನ್ನು ಹೊರಗೆ ತೆಗೆದು, ಫಾಂಟಿನ ಸಮೇತ ಎರಡು ಕಡೆ ನಕಲಿಟ್ಟುಕೊಳ್ಳುವುದು, ಪುಟಗಳನ್ನು ಪಿಡಿಎಫ್ ಮಾಡಿಡುವುದು. ಹೊಸ ಕಂಪ್ಯೂಟರಿನೊಳಗೇ ಹಳೇ ವಿಂಡೋಸನ್ನು ಪೆಟ್ಟಿಗೆಯೊಳಗಿನ ಪೆಟ್ಟಿಗೆಯಂತೆ ಓಡಿಸುವ ಉಪಾಯವೂ ಇದೆ. ಕಾಲೇಜು ಹುಡುಗರನ್ನು ಕೇಳಿದರೆ ಒಂದು ಕಾಫಿಗೆ ಮಾಡಿಕೊಡುತ್ತಾರೆ.

ಹೊಸ ಕೆಲಸವನ್ನಾದರೂ ಯೂನಿಕೋಡಿನಲ್ಲಿ ಮಾಡಬೇಕು. 'ಚೆಂದದ ಫಾಂಟ್ ಎಲ್ಲಿದೆ' ಅನ್ನುವ ನೆಪ ಒಂದು ಕಾಲಕ್ಕೆ ನಿಜವಾಗಿತ್ತು. ಈಗ ನೋಟೋ ಇದೆ, ಬಾಲೂ ತಮ್ಮ ಅನ್ನುವ ಗುಂಡುಗುಂಡಗಿನ ಫಾಂಟೂ ಇದೆ, ಎರಡೂ ಬಿಟ್ಟಿ. ಲಗ್ನಪತ್ರಿಕೆಗೆ ಬಳುಕುವ ಅಕ್ಷರ ಇನ್ನೂ ಸಾಲದು ಅನ್ನುವುದು ನ್ಯಾಯವಾದ ದೂರು.

ಸರಕಾರದವರಿಗೂ ಇಲ್ಲಿ ಕೆಲಸವಿದೆ. ಪುಸ್ತಕಕ್ಕೆ ಅನುದಾನ ಕೊಡುವಾಗ ಅಚ್ಚಾದ ಪ್ರತಿಯ ಜತೆ ಯೂನಿಕೋಡ್ ಪಠ್ಯವನ್ನೂ ಕೇಳಿ ಪಡೆಯುವುದಕ್ಕೆ ಹೆಚ್ಚು ಖರ್ಚಿಲ್ಲ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಇದೇ ಚಾಮರಾಜಪೇಟೆಯಲ್ಲಿ, ಈ ಅಂಗಡಿಗಳಿಂದ ಕಾಲ್ನಡಿಗೆಯ ದೂರದಲ್ಲಿ. ವಾರಕ್ಕೊಂದು ದಿನ ಒಂದು ಮೇಜು ಹಾಕಿ, ಹಳೇ ಕಡತ ತಂದವರಿಗೆ ಪರಿವರ್ತನೆ ಮಾಡಿಕೊಟ್ಟು, ಅರ್ಕಾವತ್ತು ತಿದ್ದಲು ಇಬ್ಬರು ಕನ್ನಡ ಎಂ.ಎ. ಹುಡುಗರನ್ನು ಕೂರಿಸಿದರೆ ಎಷ್ಟೋ ಪುಸ್ತಕ ಉಳಿಯುತ್ತೆ. ಫಾಂಟು ಮಾಡಿ ಮಾರಿದ ಕಂಪನಿಗಳೂ ತಮ್ಮ ಹಳೇ ನಕ್ಷೆಗಳನ್ನು ಬಚ್ಚಿಟ್ಟುಕೊಂಡು ಈಗ ಸಾಧಿಸುವುದೇನಿದೆ? ಬಹಿರಂಗವಾಗಿ ಕೊಟ್ಟುಬಿಡಲಿ. ಪುಸ್ತಕ ಮಾಡಿಸಿದವರೂ ಅಷ್ಟೇ, ದುಡ್ಡು ಕೊಟ್ಟ ಮೇಲೆ ಬರೀ ಕಟ್ಟು ಹೊತ್ತುಕೊಂಡು ಹೋಗದೆ ಕಡತವನ್ನೂ ಕೇಳಿ ಇಸಕೊಳ್ಳಬೇಕು.

ಅಂಗಡಿಯವರನ್ನು ಕೇಳಿದರೆ ಉತ್ತರ ಸಿದ್ಧ. ಈಗ ಮದುವೆ ಸೀಸನ್ನು, ಆಮೇಲೆ ಶಾಲೆ ಶುರು, ಅದಾದ ಮೇಲೆ ಗಣಪತಿ ಹಬ್ಬದ ರಸೀದಿ ಪುಸ್ತಕ, ದಸರಾ ಕಳೆದ ಮೇಲೆ ನೋಡೋಣ. ಹಳೇ ಡಬ್ಬದ ಫ್ಯಾನು ಈಗಾಗಲೇ ಗೊರಗೊರ ಅನ್ನುತ್ತಿದೆ.